ಅರಳು ಮರಳು ಅಂದ್ಕೊಂಡಿದ್ವಿ, ಸೋಡಿಯಂ ಅಂತೆ: ಮೈಸೂರಿನ ಒಂದು ಎಮರ್ಜೆನ್ಸಿ ವಾರ್ಡ್ ಬಗ್ಗೆ ನನ್ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಆಸ್ಪತ್ರೆ ಹೆಸರು ಹಾಕಲ್ಲ. ನನ್ ಹೆಂಡ್ತಿ ತಮ್ಮ ಅಲ್ಲೇ ಲ್ಯಾಬಲ್ಲಿ ಕೆಲ್ಸ ಮಾಡೋದು, ಹೆಸರು ಹಾಕಿ ಹೊಗಳಿದ್ರೆ ಭಾವಂಗೆ ಡಿಸ್ಕೌಂಟ್ ಸಿಕ್ಕಿರ್ಬೇಕು ಅಂತೀರ, ಹೆಸರು ಹಾಕಿ ಬೈದ್ರೆ ಅವ್ನು ಯುಗಾದಿಗೆ ಮನೆಗೆ ಬಂದು ಮುಖ ಊದಿಸ್ಕೊಂಡು ಕೂರ್ತಾನೆ. ಡಿಸ್ಕೌಂಟ್ ಏನೂ ಸಿಗ್ಲಿಲ್ಲ, ಅದನ್ನೂ ಹೇಳ್ಬಿಡ್ತೀನಿ. ಮೈಸೂರಲ್ಲಿರೋ ಒಂದು ಆಸ್ಪತ್ರೆ, ಅದ್ರ ಎಮರ್ಜೆನ್ಸೀಲಿ ವಯಸ್ಸಾದೋರಿಗೆ ಅಂತ ಒಂದು ಟೀಮ್ ಇದೆ, ನಾನು ಬರೀತಿರೋದು ಆ ಟೀಮ್ ಬಗ್ಗೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಬರ್ದಿದೀನಿ, ಪೂರ್ತಿ ಓದಿ.

ನಮ್ಮವ್ವಂಗೆ 78. ಆಧಾರ್ ಪ್ರಕಾರ 78, ಅದ್ರಲ್ಲಿ ಹುಟ್ಟಿದ ತಾರೀಕು ಜನವರಿ 1 ಅಂತಿದೆ, ನಮ್ಮೂರಲ್ಲಿ ಅರ್ಧ ಊರೇ ಜನವರಿ 1ಕ್ಕೆ ಹುಟ್ಟಿರೋದು. ಊರು ಮಂಡ್ಯ ಜಿಲ್ಲೆ, ವಿಸಿ (ವಿಶ್ವೇಶ್ವರಯ್ಯ) ನಾಲೆ ಪಕ್ಕ. ಅವ್ವ ಇರೋದು ತಮ್ಮನ ಜೊತೆ, ನಾನು ಮೈಸೂರಲ್ಲಿ. ಅವ್ವ ಬಿದ್ದು ಆಸ್ಪತ್ರೆ ಸೇರೋಕೆ ಒಂದು ವಾರ ಮುಂಚೆನೇ ತಮ್ಮನ ಹೆಂಡ್ತಿ ಫೋನ್ ಮಾಡಿ ಹೇಳಿದ್ಲು, ಭಾವ, ಅತ್ತೆ ಯಾಕೋ ಸರಿ ಇಲ್ಲ, ಮುದ್ದೆ ಅರ್ಧಕ್ಕೇ ಬಿಡ್ತಾರೆ, ಕೂತಲ್ಲೇ ತೂಕಡಿಸ್ತಾರೆ, ನಿಮ್ ಮಗಳನ್ನ ಸತ್ತೋದ ಸೋದರತ್ತೆ ಹೆಸರಿಟ್ಟು ಕೂಗಿದ್ರು ಅಂತ. ಅರಳು ಮರಳು ಶುರುವಾಯ್ತು ಬಿಡಮ್ಮ, ವಯಸ್ಸಾಯ್ತಲ್ಲ ಅಂದೆ ನಾನು. ಹಂಗಂದೋನು ನಾನೇ, ಯಾವ ಡಾಕ್ಟ್ರೂ ಅಲ್ಲ. ಆ ಮಾತು ಈಗ್ಲೂ ಗಂಟಲಲ್ಲಿ ಮುಳ್ಳಿನ ಥರ ಸಿಕ್ಕಾಕೊಂಡಿದೆ.

ಬುಧವಾರ ರಾತ್ರಿ ತಮ್ಮ ಗದ್ದೆಗೆ ನೀರು ಕಟ್ಟೋಕೆ ಹೋಗಿದ್ದ, ಅವ್ವ ಹಿತ್ಲಲ್ಲಿರೋ ಬಚ್ಚಲಿಗೆ ಹೋಗೋಕೆ ಅಂತ ಎದ್ದು ಹೋಗಿ ಬಿದ್ದಿದಾಳೆ. ಬಲಗೈ ಊದ್ಕೊಂಡಿತ್ತು, ಹುಬ್ಬಿನ ಮೇಲೆ ಗಾಯ. ಹತ್ರದ ಟೌನಲ್ಲಿ ಒಂದು ನರ್ಸಿಂಗ್ ಹೋಂಗೆ ಹಾಕಿದ್ರು. ಎಕ್ಸ್‌ರೇ ತೆಗುದ್ರು, ಮಣಿಕಟ್ಟಲ್ಲಿ ಕ್ರ್ಯಾಕು, ಪ್ಲಾಸ್ಟರ್ ಹಾಕಿದ್ರು, ಅಲ್ಲೀವರೆಗೂ ಸರಿ. ರಾತ್ರಿ ಅವ್ವ ಕೂಗಾಡೋಕೆ ಶುರು ಮಾಡಿದಾಳೆ, ಡ್ರಿಪ್ ಕಿತ್ತಾಕಿದಾಳೆ, ಅದಕ್ಕೆ ನಿದ್ದೆ ಇಂಜೆಕ್ಷನ್ ಕೊಟ್ಟು, ಎದ್ದು ಓಡಾಡ್ಬಾರ್ದು ಅಂತ ಯೂರಿನ್ ಪೈಪ್ ಹಾಕಿ, ಎಡಗೈನ ಬ್ಯಾಂಡೇಜ್ ಬಟ್ಟೆಲಿ ಮಂಚದ ಕಂಬಿಗೆ ಕಟ್ಟಿದ್ರು. ನಾನು ಬೆಳಗಿನ ಜಾವ ನಾಲ್ಕಕ್ಕೆ ಹೋದಾಗ ಅವ್ವ ಆ ಕಟ್ಟಿದ ಕೈಬೆರಳಲ್ಲಿ ಬೆಡ್‌ಶೀಟಿನ ಅಂಚನ್ನ ಸೊಪ್ಪು ಬಿಡಿಸೋ ಥರ ಬಿಡಿಸ್ತಾ ಇದ್ಲು. ಡ್ಯೂಟಿ ಡಾಕ್ಟ್ರು ಚಿಕ್ಕ ಹುಡ್ಗ, ಪಾಪ ಅವ್ನೊಬ್ನೇ ಇದ್ದ, ವಯಸ್ಸಾಗಿದೆ ಅಲ್ವಾ ಸಾರ್, ಇದೆಲ್ಲ ಕಾಮನ್ನು ಅಂದ. ಬೆಳಗ್ಗೆ ಎಂಟಕ್ಕೆ ಕರೆದ್ರೆ ಕಣ್ಣೇ ಬಿಡ್ತಿರಲಿಲ್ಲ. ಮೈಸೂರಿಗೆ ಕರ್ಕೊಂಡೋಗಿ ಅಂದ್ರು. ತಂಗಿ ದೊಡ್ಡಾಸ್ಪತ್ರೆಗೇ ಹೋಗೋಣ ಅಂದ್ಲು, ಹೆಂಡ್ತಿ ತಮ್ಮ ಇಲ್ಲಿಗೆ ಬನ್ನಿ ಭಾವ, ವಯಸ್ಸಾದೋರಿಗೆ ಬೇರೆ ಟೀಮ್ ಮಾಡಿದಾರೆ ಅಂದ. ನನಗೆ ಟೀಮ್ ಅಂದ ತಕ್ಷಣ ಹೊಳೆದಿದ್ದು ನಾಕ್ ಜನ ಬಂದು ನೋಡ್ತಾರೆ, ನಾಕ್ ಬಿಲ್ ಹಾಕ್ತಾರೆ ಅಂತ, ಆದ್ರೂ ಆಂಬ್ಯುಲೆನ್ಸ್ ಆಗ್ಲೇ ಶ್ರೀರಂಗಪಟ್ಣ ದಾಟಿತ್ತು, ವಾದ ಮಾಡೋ ಹೊತ್ತಲ್ಲ.

ಹತ್ತೂವರೆಗೆ ಒಳಗೆ ಹೋದ್ವಿ. ಬಾಗಿಲಲ್ಲೇ ಒಬ್ರು ಸಿಸ್ಟರ್ ವಯಸ್ಸು ಕೇಳಿದ್ರು, ಬಿದ್ರಾ ಅಂತ ಕೇಳಿದ್ರು, ಇವತ್ತಿನ ಥರ ಹೋದ ತಿಂಗಳೂ ಇದ್ರಾ ಅಂತ ಕೇಳಿದ್ರು. ಈ ಮೂರನೇ ಪ್ರಶ್ನೆ ಅಲ್ಲೀವರೆಗೆ ಯಾರೂ ಕೇಳಿರ್ಲಿಲ್ಲ. ಇಲ್ಲ ಸಿಸ್ಟರ್, ಹೋದ ತಿಂಗಳು ಊರ ಹಬ್ಬಕ್ಕೆ ಇವ್ರೇ ನಿಂತು ಒಬ್ಬಟ್ಟು ಮಾಡ್ಸಿದ್ರು ಅಂದ್ಲು ಹೆಂಡ್ತಿ. ಹಂಗಾದ್ರೆ ಇದು ಅರಳು ಮರಳಲ್ಲ ಅಂದ್ರು ಸಿಸ್ಟರ್, ಅದು ವರ್ಷಗಟ್ಲೆ ನಿಧಾನಕ್ಕೆ ಬರೋದು, ಒಂದು ವಾರದಲ್ಲಿ ಮನುಷ್ಯ ಹಿಂಗಾದ್ರೆ ಒಳಗೆ ಏನೋ ಆಗಿದೆ ಅಂತ ಅರ್ಥ, ಇದಕ್ಕೆ ಡೆಲಿರಿಯಮ್ ಅಂತೀವಿ ಅಂದ್ರು. ನಮ್ ಕಡೆ ಸನ್ನಿ ಅಂತಾರಲ್ಲ, ಅದೇ. ನಾನು ಸನ್ನಿ ಅಂದ್ರೆ ಕೂಗಾಡೋದು ಅಂತಷ್ಟೇ ತಿಳ್ಕೊಂಡಿದ್ದೆ, ಸುಮ್ನೆ ಮಂಕಾಗಿ ಬಿದ್ಕೊಂಡಿರೋದೂ ಅದೇ ಕಾಯಿಲೆಯ ಇನ್ನೊಂದು ಮುಖ ಅಂತೆ, ಕೂಗಾಡೋರ ಹತ್ರ ಎಲ್ರೂ ಓಡಿ ಹೋಗ್ತಾರೆ, ಮಂಕಾಗಿರೋರನ್ನ ನಿದ್ದೆ ಮಾಡ್ತಿದಾರೆ ಅಂತ ಬಿಟ್ಬಿಡ್ತಾರೆ, ಅದಕ್ಕೇ ಅದು ಜಾಸ್ತಿ ತಪ್ಪಿಹೋಗುತ್ತೆ ಅಂದ್ರು.

ಆಮೇಲೆ ಒಂದು ಪರೀಕ್ಷೆ ಮಾಡಿದ್ರು, 4ಎಟಿ ಅಂತ ಹೆಸರು, ಎಡಿನ್‌ಬರೋ ಡಾಕ್ಟ್ರುಗಳು ಮಾಡಿದ್ದಂತೆ, ಎರಡು ನಿಮಿಷ ಸಾಕು. ವಯಸ್ಸೆಷ್ಟು, ಹುಟ್ಟಿದ್ದು ಯಾವಾಗ, ಇದು ಯಾವ ಜಾಗ, ಇದ್ಯಾವ ವರ್ಷ, ಆಮೇಲೆ ಹನ್ನೆರಡು ತಿಂಗಳನ್ನ ಹಿಂದಿನಿಂದ ಹೇಳ್ಬೇಕು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದ್ರೆ ಡೆಲಿರಿಯಮ್ ಇರ್ಬಹುದು ಅಂತ. ಅವ್ವನ್ನ ಕೇಳಿದ್ರೆ ಉತ್ರಾನೇ ಇಲ್ಲ, ಸುಮ್ನೆ ನೋಡ್ತಾಳೆ. ಆಗ ಸಿಸ್ಟರ್, ಕಿವಿ ಕೇಳ್ಸುತ್ತಾ ಅಂದ್ರು. ಒಂದು ಕಿವಿ ಕೇಳಲ್ಲ, ಇನ್ನೊಂದು ಅಷ್ಟಕ್ಕಷ್ಟೆ. ಕನ್ನಡಕ ಎಲ್ಲಿ ಅಂದ್ರು. ಮನೇಲಿ. ಅವ್ರು ಏನ್ ಮಾಡಿದ್ರು ಗೊತ್ತಾ, ಕುತ್ತಿಗೆಯಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಅದ್ರ ಕಿವಿಗಳನ್ನ ಅವ್ವನ ಕಿವಿಗೆ ಇಟ್ಟು, ಈ ಕಡೆ ಎದೆ ಮೇಲಿಡೋ ತಟ್ಟೆನ ತಮ್ಮ ಬಾಯ ಹತ್ರ ಹಿಡ್ಕೊಂಡು, ಮೆಲ್ಲಗೆ, ಅಜ್ಜೀ, ಕೇಳಿಸ್ತಾ ಅಂದ್ರು. ಅವ್ವ ಬೆಚ್ಚಿ ಬಿದ್ದು ಕಣ್ಬಿಟ್ಟು, ಊಂ ಕಣವ್ವಾ, ಯಾಕ್ ಹಂಗ್ ಕಿರುಚ್ತೀಯ ಅಂದ್ಲು. ಆವತ್ತು ಬೆಳಗ್ಗೆಯಿಂದ ಆಡಿದ ಮೊದಲನೇ ಮಾತು ಅದು. ನನ್ ಹೆಂಡ್ತಿ ಅತ್ತು ಬಿಟ್ಲು, ನಾನು ಗೋಡೆ ಕಡೆ ತಿರುಗಿ ಮೊಬೈಲ್ ನೋಡ್ಕೊಂಡು ನಿಂತೆ.

ತಿಂಗಳು ಹೇಳಿ ಅಜ್ಜಿ ಅಂದ್ರೆ ಡಿಸೆಂಬರ್ ನವೆಂಬರ್ ಅವ್ವಂಗೆ ಎಲ್ಲಿಂದ ಬರ್ಬೇಕು. ಸಿಸ್ಟರ್ ನಮ್ ಮಳವಳ್ಳಿ ಕಡೆಯವ್ರಂತೆ, ತಾವೇ ಯೋಚ್ನೆ ಮಾಡಿ, ಚೈತ್ರ ವೈಶಾಖ ಗೊತ್ತಲ್ವಾ, ಕೊನೇದ್ರಿಂದ ಹಿಂದಕ್ಕೆ ಹೇಳಿ ಅಂದ್ರು. ಅವ್ವ ಫಾಲ್ಗುಣ ಅಂದ್ಲು, ಮಾಘ ಅಂದ್ಲು, ಆಮೇಲೆ ಕಬ್ಬು ಕಡಿಯೋಕೆ ಬಂದಿದಾರೆ ಬಾಗ್ಲು ತೆಗಿ ಅಂದ್ಲು. ಎಡವಟ್ಟಾಯ್ತು. ಒಟ್ಟು ಅಂಕ ನಾಲ್ಕಕ್ಕಿಂತ ಎಷ್ಟೋ ಜಾಸ್ತಿ ಅಂತ ಬರ್ಕೊಂಡ್ರು. ಈ ತಿಂಗಳ ವಿಷ್ಯ ನೆನಪಿಟ್ಕೊಳಿ, ಕೊನೇಲಿ ಬರುತ್ತೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿರೋ ಭಾಗ. ಮಾತ್ರೆ ಕವರ್. ತಮ್ಮ ಊರಿಂದ ಬರ್ತಾ ಅವ್ವನ ಮಾತ್ರೆನೆಲ್ಲ ಬಟ್ಟೆ ಅಂಗಡಿ ಪ್ಲಾಸ್ಟಿಕ್ ಕವರಲ್ಲಿ ತುಂಬ್ಕೊಂಡು ತಂದಿದ್ದ. ಬೇರೆ ಕಡೆ ಆದ್ರೆ ಡಾಕ್ಟ್ರು, ಏನೇನ್ ತಗೋತಾರೆ ಅಂತಾರೆ, ನಾವು ಬಿಪಿ ಮಾತ್ರೆ ಸಾರ್ ಅಂತೀವಿ, ಮುಗೀತು. ಇಲ್ಲಿ ಒಬ್ಬ ಹುಡ್ಗಿ ಬಂದ್ಲು, ಡಾಕ್ಟರ್ ಅಲ್ಲ, ಫಾರ್ಮಸಿಸ್ಟು, ಮಾತ್ರೆ ನೋಡೋದೇ ಈ ಟೀಮಲ್ಲಿ ಅವ್ಳ ಕೆಲ್ಸ. ಸ್ಟೀಲ್ ಟ್ರೇ ಮೇಲೆ ಕವರ್ ಸುರಿದ್ಲು. ಸ್ಟ್ರಿಪ್ಪುಗಳು, ಬಿಡಿ ಮಾತ್ರೆಗಳು, ಒಂದು ತಾಯಿತ, ಎರಡು ರೂಪಾಯಿ ಕಾಯಿನ್ನು, ಅರ್ಧ ವೀಳ್ಯದೆಲೆ. ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿರೋ ಸಣ್ಣಕ್ಷರ ಓದಿ ಸಾಲಾಗಿ ಜೋಡಿಸ್ತಾ ಹೋದ್ಲು, ಇದು ಯಾರ್ ಕೊಟ್ಟಿದ್ದು, ಇದು ಯಾವಾಗ್ಲಿಂದ, ಇದನ್ನ ದಿನಾ ತಗೋತಾರಾ ಇಲ್ಲ ನೆನಪಾದಾಗಾ ಅಂತ ಕೇಳ್ತಾ ಕೇಳ್ತಾ.

ಆ ಟ್ರೇ ಮೇಲೆ ಕಥೆನೇ ಬಿಚ್ಕೊಳ್ತು. ಬಿಪಿಗೆ ಅಂತ ಮೈಸೂರು ಡಾಕ್ಟ್ರು ಕೊಟ್ಟಿದ್ದು ಟೆಲ್ಮಿಸಾರ್ಟನ್ ಮತ್ತೆ ಆಮ್ಲೋಡಿಪಿನ್ ಸೇರಿರೋ ಒಂದು ಮಾತ್ರೆ. ಆಮೇಲೆ ಊರಲ್ಲಿ ಒಂದು ಹೆಲ್ತ್ ಕ್ಯಾಂಪ್ ಆಗಿತ್ತು, ಅಲ್ಲಿ ಬಿಪಿ ನೋಡಿ ಇನ್ನೊಂದು ಮಾತ್ರೆ ಕೊಟ್ಟಿದ್ರು, ಬ್ರ್ಯಾಂಡ್ ಬೇರೆ, ಬಣ್ಣ ಬೇರೆ, ಒಳಗಿರೋದು ಅದೇ ಆಮ್ಲೋಡಿಪಿನ್. ಅಂದ್ರೆ ಒಂದೇ ಔಷಧಿ ಎರಡು ಸಲ. ಆಮ್ಲೋಡಿಪಿನ್ ಜಾಸ್ತಿ ಆದ್ರೆ ಪಾದ ಊದ್ಕೊಳುತ್ತಂತೆ, ಅವ್ವಂಗೂ ಊದ್ಕೊಂಡಿತ್ತು, ನಾವು ಕಾಲಲ್ಲಿ ನೀರು ತುಂಬ್ಕೊಂಡಿದೆ ಅಂತ ಟೌನಲ್ಲಿ ಒಬ್ರು ಡಾಕ್ಟ್ರಿಗೆ ತೋರಿಸಿದ್ವಿ, ಅವ್ರು ಅಲ್ಲಿ ಕಂಡಿದ್ದಕ್ಕೆ ನೀರಿನ ಮಾತ್ರೆ ಬರೆದ್ರು, ಮೂತ್ರ ಜಾಸ್ತಿ ಮಾಡಿ ಮೈಯಲ್ಲಿರೋ ನೀರು ಇಳಿಸೋದು, ಹೆಸರು ಕ್ಲೋರ್ಥಾಲಿಡೋನ್. ವಯಸ್ಸಾದೋರಿಗೆ, ಅದ್ರಲ್ಲೂ ಸಣ್ಣ ಮೈಕಟ್ಟಿನ ಹೆಂಗಸ್ರಿಗೆ ಈ ಜಾತಿ ನೀರಿನ ಮಾತ್ರೆ ರಕ್ತದಲ್ಲಿರೋ ಸೋಡಿಯಂ, ಅಂದ್ರೆ ಉಪ್ಪಿನಂಶ, ಇಳಿಸಿ ಬಿಡುತ್ತಂತೆ. ಸೋಡಿಯಂ ಇಳಿದ್ರೆ ಮಂಕು, ಊಟ ಬೇಡ, ತೂರಾಟ, ಗೊಂದಲ. ಇದ್ರ ಮೇಲೆ ನೆಗಡಿ ಅಂತ ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೊಂಡಿದ್ದ ಹಳದಿ ಮಾತ್ರೆ, ಅದ್ರೊಳಗೆ ಕ್ಲೋರ್‌ಫೆನಿರಮಿನ್, ಅದೂ ವಯಸ್ಸಾದೋರ ತಲೆ ಕೆಡಿಸೋ ಪಟ್ಟಿಯಲ್ಲಿರೋದೇ. ಅಮೆರಿಕದಲ್ಲಿ ಬೀರ್ಸ್ ಅನ್ನೋ ಡಾಕ್ಟ್ರು 1991ರಲ್ಲಿ ವಯಸ್ಸಾದೋರಿಗೆ ಹುಷಾರಾಗಿ ಕೊಡ್ಬೇಕಾದ ಔಷಧಿಗಳದ್ದು ಒಂದು ಪಟ್ಟಿ ಮಾಡಿದ್ರಂತೆ, ಈಗ್ಲೂ ಅದನ್ನ ಆಗಾಗ ತಿದ್ದಿ ಹೊಸದು ಮಾಡ್ತಾರೆ, ಆ ಹುಡ್ಗಿ ಮೊಬೈಲಲ್ಲಿ ಅದನ್ನೇ ತೆಗೆದು ತೋರಿಸಿದ್ಲು.

ಯಾವ ಡಾಕ್ಟ್ರದ್ದೂ ದೊಡ್ಡ ತಪ್ಪಿಲ್ಲ ನೋಡಿ. ಒಬ್ಬೊಬ್ರೂ ತಮ್ಮೆದುರಿಗೆ ಕಂಡಿದ್ದಕ್ಕೆ ಸರಿಯಾಗೇ ಕೊಟ್ಟಿದಾರೆ. ಮಾತ್ರೆ ಮಾಡಿದ ಊತಕ್ಕೆ ಇನ್ನೊಂದು ಮಾತ್ರೆ, ಆ ಮಾತ್ರೆ ಮಾಡಿದ ಮಂಕಿಗೆ ನಾನು ಇಟ್ಟ ಹೆಸರು ಅರಳು ಮರಳು. ಎಲ್ಲಾ ಸ್ಟ್ರಿಪ್ಪುಗಳನ್ನ ಒಂದೇ ಟ್ರೇ ಮೇಲೆ ಸುರಿದು ನೋಡೋರು ಒಬ್ರೂ ಇರಲಿಲ್ಲ, ಅಷ್ಟೇ. ಅರ್ಧ ಗಂಟೆಯಲ್ಲಿ ಲ್ಯಾಬಿಂದ ರಿಪೋರ್ಟ್ ಬಂತು, ಭಾವಮೈದ ಓಡ್ಕೊಂಡು ಬಂದು ಹೇಳ್ದ, ಸೋಡಿಯಂ 119. ಇರ್ಬೇಕಾದ್ದು 135ರಿಂದ 145. ತಲೆ ಸಿಟಿ ಸ್ಕ್ಯಾನೂ ಮಾಡಿದ್ರು, ವಯಸ್ಸಾದೋರು ಬಿದ್ದು ತಲೆಗೆ ಏಟಾದ್ರೆ ಒಳಗೆ ನಿಧಾನಕ್ಕೆ ರಕ್ತ ಸೋರಿರ್ಬಹುದು ಅಂತ, ಅದು ಕ್ಲೀನ್ ಬಂತು. ಸೊಂಟಾನೂ ಸರಿ ಇತ್ತು, ದೇವ್ರು ದೊಡ್ಡೋನು.

ತಮ್ಮ ಒಂದು ಒಳ್ಳೇ ಪ್ರಶ್ನೆ ಕೇಳ್ದ, ಉಪ್ಪು ಕಮ್ಮಿ ಆಗಿದ್ರೆ ಉಪ್ಪಿನ ನೀರು ಕುಡ್ಸಿ ಇವತ್ತೇ ಮನೆಗೆ ಕರ್ಕೊಂಡೋಗ್ಬಹುದಾ ಅಂತ. ಎಮರ್ಜೆನ್ಸಿ ಡಾಕ್ಟ್ರು ನಗಲಿಲ್ಲ, ಕೂರ್ಸಿ ಹೇಳಿದ್ರು, ಇಳಿದಿರೋ ಸೋಡಿಯಂನ ದಿನಕ್ಕೆ ಎಂಟು ಹತ್ತಕ್ಕಿಂತ ಜಾಸ್ತಿ ಏರಿಸಿದ್ರೆ ಮೆದುಳಿಗೇ ಏಟು, ಕಾಲು ಕೈ ಬಿದ್ದೋಗೋ ಅಪಾಯ ಇದೆ, ಅದಕ್ಕೇ ಇಲ್ಲೇ ಇಟ್ಕೊಂಡು ಗಂಟೆಗಟ್ಲೆ ನೋಡ್ಕೊಂಡು ಏರಿಸ್ಬೇಕು ಅಂತ. ಹಂಗೇ ಆಯ್ತು, ಮಾರನೇ ದಿನ 125, ಅದ್ರ ಮಾರನೇ ದಿನ 130, ಆಮೇಲೆ 133.

ಟೀಮ್ ಅಂದ್ರೆ ಯಾರ್ಯಾರು ಅಂತ ಕೇಳ್ತೀರ. ಎಮರ್ಜೆನ್ಸಿ ಡಾಕ್ಟ್ರು, ಆ ಮಳವಳ್ಳಿ ಸಿಸ್ಟರ್, ಮಾತ್ರೆ ಹುಡ್ಗಿ, ಒಬ್ಬ ಫಿಸಿಯೋ, ಒಬ್ರು ಮೇಡಮ್ ಸೋಶಿಯಲ್ ವರ್ಕರ್. ವಯಸ್ಸಾದೋರ ಸ್ಪೆಷಲಿಸ್ಟ್ ಡಾಕ್ಟ್ರು ಮಧ್ಯಾಹ್ನ ಒಂದು ಸಲ ಬರ್ತಾರೆ. ವಿಶೇಷ ಏನಪ್ಪ ಅಂದ್ರೆ ಇವ್ರು ಒಬ್ರಾದ್ಮೇಲೆ ಒಬ್ರು ಬಂದು ಅದೇ ಪ್ರಶ್ನೆ ಕೇಳಿ ಹೋಗಲ್ಲ. ಹನ್ನೆರಡು ಗಂಟೆಗೆ ಎಲ್ರೂ ಅವ್ವನ ಮಂಚದ ಕಾಲ್ಗಡೆ ನಿಂತು ಐದೇ ನಿಮಿಷ ಮಾತಾಡಿದ್ರು, ನಮ್ಮೆದುರಿಗೇ, ಕನ್ನಡದಲ್ಲೇ. ಡಾಕ್ಟ್ರು ಈ ಎರಡು ಮಾತ್ರೆ ಬಂದ್ ಅಂದ್ರು, ಸಿಸ್ಟರ್ ಯೂರಿನ್ ಪೈಪ್ ಯಾಕಿದೆ, ಇವತ್ತೇ ತೆಗೀಬಹುದಲ್ವಾ ಸಾರ್ ಅಂದ್ರು, ಡಾಕ್ಟ್ರು ಒಂದು ಕ್ಷಣ ಯೋಚ್ನೆ ಮಾಡಿ, ಹೌದು ತೆಗೀರಿ ಅಂದ್ರು. ಸಿಸ್ಟರ್ ಹೇಳಿದ್ದಕ್ಕೆ ಡಾಕ್ಟ್ರು ಹೌದು ಅನ್ನೋದನ್ನ ನಾನು ಮೊದಲ ಸಲ ಕಂಡಿದ್ದು. ಪೈಪ್ ಇದ್ರೆ ಇನ್‌ಫೆಕ್ಷನ್ ಆಗುತ್ತೆ, ಅದೇ ಒಂದು ಹಗ್ಗ ಕಟ್ಟಿದಂಗೆ, ಅದನ್ನ ಕೀಳೋಕೆ ಹೋಗಿ ಇನ್ನೂ ಜಾಸ್ತಿ ಗಲಾಟೆ ಮಾಡ್ತಾರೆ ಅಂತೆ. ಕೈ ಕಟ್ಟೋದಂತೂ ಬೇಡ್ವೇ ಬೇಡ, ಬದ್ಲಿಗೆ ಮನೆಯೋರು ಒಬ್ರು ಪಕ್ಕದಲ್ಲಿ ಕೂತ್ಕೊಳಿ, ಕನ್ನಡಕ ತರ್ಸಿ, ಹಗಲು ಕಿಟಕಿ ತೆಗೀರಿ, ರಾತ್ರಿ ಲೈಟ್ ಆರ್ಸಿ, ಮಧ್ಯ ಮಧ್ಯ ಎಬ್ಬಿಸ್ಬೇಡಿ, ಇದೇ ಔಷಧಿ ಅಂದ್ರು. ನಾನು ದೊಡ್ಡ ದೊಡ್ಡ ಮೆಷೀನ್ ಇರುತ್ತೆ ಅಂದ್ಕೊಂಡಿದ್ದೆ, ಅವ್ರ ಜಾಗದಲ್ಲಿ ಇದ್ದಿದ್ದು ದಪ್ಪ ಹಾಸಿಗೆ, ಕೈ ಹಿಡಿಯೋ ಕಂಬಿ, ಗೋಡೆ ಮೇಲೆ ದಪ್ಪ ಅಕ್ಷರದ ಕ್ಯಾಲೆಂಡರ್ ಮತ್ತೆ ದೊಡ್ಡ ಗಡಿಯಾರ.

ರಾತ್ರಿ ಮೊಬೈಲಲ್ಲಿ ಹುಡುಕಿದೆ, ಇದೆಲ್ಲ ಎಲ್ಲಿಂದ ಬಂತು ಅಂತ. ಅಮೆರಿಕದಲ್ಲಿ 2014ರಲ್ಲಿ ಎಮರ್ಜೆನ್ಸಿ ಡಾಕ್ಟ್ರುಗಳು, ವೃದ್ಧರ ಡಾಕ್ಟ್ರುಗಳು, ಎಮರ್ಜೆನ್ಸಿ ನರ್ಸುಗಳು ಎಲ್ರ ಸಂಘಗಳೂ ಸೇರಿ ವಯಸ್ಸಾದೋರ ಎಮರ್ಜೆನ್ಸಿ ಹೆಂಗಿರ್ಬೇಕು ಅಂತ ಗೈಡ್‌ಲೈನ್ ಮಾಡಿದಾರೆ, 2018ರಿಂದ ಅಲ್ಲಿ ಆಸ್ಪತ್ರೆಗಳಿಗೆ ಇದಕ್ಕೆ ಅಂತಾನೇ ಮೂರು ದರ್ಜೆ ಮಾನ್ಯತೆನೂ ಕೊಡ್ತಾರೆ. ನಮ್ಮಲ್ಲಿ ಏನೂ ಇಲ್ಲ ಅಂತಲ್ಲ, ಕೇಂದ್ರ ಸರ್ಕಾರದ ವೃದ್ಧರ ಆರೋಗ್ಯ ಕಾರ್ಯಕ್ರಮ 2010-11ರಲ್ಲೇ ಶುರುವಾಗಿದೆ, 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಸರ್ಕಾರಿ ಆಸ್ಪತ್ರೆಲಿ ಅವ್ರಿಗೆ ಬೇರೆ ಕ್ಯೂ ಇರ್ಬೇಕು ಅಂತಿದೆ. 2011ರ ಜನಗಣತಿಲೇ ದೇಶದಲ್ಲಿ 60 ದಾಟಿದೋರು 10 ಕೋಟಿ ಮೇಲಿದ್ರು. ಬೇರೆ ಕ್ಯೂ ಬೋರ್ಡ್ ನೋಡಿದೀನಿ, ಆ ಕ್ಯೂನಲ್ಲಿ ಹುಡುಗ್ರು ನಿಂತಿರೋದೂ ನೋಡಿದೀನಿ. ಆದ್ರೆ ಕ್ಯೂ ದಾಟಿ ಒಳಗೆ ಹೋದ್ಮೇಲೆ ಏನ್ ಮಾಡ್ಬೇಕು ಅನ್ನೋದು ಬೇರೆ ವಿಷ್ಯ, ಅದನ್ನ ನಾನು ಕಂಡಿದ್ದು ಇಲ್ಲೇ ಮೊದಲು.

ಎರಡನೇ ದಿನ ಅವ್ವ ವಸಿ ಚೇತರಿಸ್ಕೊಂಡ್ಲು. ಬೆಳಗ್ಗೆ ಬ್ರೆಡ್ ಕೊಟ್ರೆ, ಇದೇನ್ಲಾ ಮಗಾ, ಹತ್ತಿ ತಿನ್ನು ಅಂತವ್ರೆ ಅಂದ್ಲು. ಸಿಸ್ಟರ್ ಕೇಳ್ಸ್ಕೊಂಡು ನುಂಗೋಕೆ ತೊಂದ್ರೆ ಇದ್ಯಾ ಅಂತ ಚಮಚದಲ್ಲಿ ನೀರು ಕುಡ್ಸಿ ನೋಡಿ, ಇಲ್ಲ ಅಂತಾದ್ಮೇಲೆ, ಮನೆಯಿಂದ ಮೆತ್ತಗಿರೋ ಮುದ್ದೆ ತನ್ನಿ ಅಂದ್ರು. ಹೆಂಡ್ತಿ ಮಧ್ಯಾಹ್ನ ಬಸ್ಸಾರು ಮುದ್ದೆ ತಂದ್ಲು, ಹೆಚ್ಚು ಕಮ್ಮಿ ಹತ್ತು ದಿನ ಆದ್ಮೇಲೆ ಅವ್ವ ಒಂದು ಮುದ್ದೆ ಪೂರ್ತಿ ಉಂಡ್ಲು, ಎಡಗೈಲಿ.

ಫಿಸಿಯೋ ಹುಡ್ಗ ಬಂದ. ಮೊದ್ಲು ಮಲಗಿದಾಗ ಬಿಪಿ ನೋಡ್ದ, ಆಮೇಲೆ ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡ್ದ. ಮಲಗಿದ್ರೆ 138, ನಿಂತ್ರೆ 110. ಮೇಲಿನ ಬಿಪಿ 20 ಇಳಿದ್ರೇನೇ ಜಾಸ್ತಿ ಅಂತೆ, ಇಲ್ಲಿ 28. ರಾತ್ರಿ ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬಿದ್ದಿರೋದು, ಬಚ್ಚಲು ಜಾರಿ ಅಲ್ಲ ಅಂದ. ನಾವು ಆಗ್ಲೇ ತಮ್ಮನ ಹೆಂಡ್ತಿಗೆ ಬಚ್ಚಲು ಯಾಕ್ ತೊಳ್ದಿಲ್ಲ ಪಾಚಿ ಕಟ್ಟಿದೆ ಅಂತ ಬೈದು ಮುಗಿಸಿದ್ವಿ. ಎರಡನೇ ದಿನ ಆದ್ಮೇಲೂ ಅವ್ಳು ನಂಜೊತೆ ಸರಿಯಾಗಿ ಮಾತಾಡಿರ್ಲಿಲ್ಲ, ನಾನೇ ಹೋಗಿ ತಪ್ಪಾಯ್ತು ಕಣಮ್ಮ ಅಂದೆ.

ಇನ್ನೊಂದು ದಡ್ಡತನ ಒಪ್ಕೊಂಡ್ ಬಿಡ್ತೀನಿ. ಮೊದಲನೇ ದಿನವೇ ನಾನು ಶೂರನಂಗೆ ಎದುರುಗಡೆ ಅಂಗಡಿಗೆ ಹೋಗಿ 1,400 ಕೊಟ್ಟು ವಾಕರ್ ತಂದಿದ್ದೆ. ಫಿಸಿಯೋ ನೋಡಿ, ಸಾರ್, ಇದನ್ನ ಎರಡೂ ಕೈಲಿ ಹಿಡ್ಕೋಬೇಕು, ಅಜ್ಜಿ ಬಲಗೈಗೆ ಪ್ಲಾಸ್ಟರ್ ಇದ್ಯಲ್ಲ ಅಂದ. ಅಷ್ಟೂ ಹೊಳೀಲಿಲ್ಲ ನನಗೆ. ಎಡಗೈಗೆ ನಾಲ್ಕು ಕಾಲಿರೋ ಕೋಲು ಕೊಟ್ಟ. ವಾಕರ್ ವಾಪಸ್ ತಗೊಳಲ್ಲ ಅಂದ್ರು ಅಂಗಡಿಯೋರು, ಈಗ ನಮ್ಮನೆ ಬಾಲ್ಕನೀಲಿ ಅದ್ರ ಮೇಲೆ ಒಳಬಟ್ಟೆ ಒಣಗ್ತಿದೆ. ಆಮೇಲೆ ಕುರ್ಚಿಯಿಂದ ಎದ್ದು ಮೂರು ಮೀಟ್ರು ನಡ್ದು ತಿರುಗಿ ಬಂದು ಕೂರ್ಬೇಕು, ಮೊಬೈಲಲ್ಲಿ ಟೈಮ್ ಇಡ್ತಾರೆ. ಹನ್ನೆರಡು ಸೆಕೆಂಡ್ ಮೇಲಾದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ, ಅವ್ವ ತಗೊಂಡಿದ್ದು 31. ಏನ್ಲಾ ಕೂಸೇ, ಓಟದ ಪಂದ್ಯ ಕಟ್ಟಿದ್ದೀಯಾ ನನ್ ಮೇಲೆ ಅಂದ್ಲು, ಅವ್ನು ನಗ್ತಾ, ಸೋಮವಾರ ಇನ್ನೊಂದು ಸಲ ಅಜ್ಜಿ, ಗೆದ್ರೆ ಮನೆಗೆ ಅಂದ.

ಸೋಶಿಯಲ್ ವರ್ಕರ್ ಮೇಡಮ್ ಬಗ್ಗೆ ಮೊದ್ಲು ನನಗೆ ಸಿಟ್ಟೇ ಬಂತು. ಮನೇಲಿ ಯಾರಿದಾರೆ, ಹಗಲಲ್ಲಿ ಒಬ್ರೇ ಇರ್ತಾರಾ, ಪಿಂಚಣಿ ದುಡ್ಡು ಯಾರ ಕೈಲಿ, ಯಾರಾದ್ರೂ ಬೈತಾರಾ ಹೊಡೀತಾರಾ ಅಂತೆಲ್ಲ ನಮ್ಮನ್ನ ಆಚೆ ಕಳ್ಸಿ ಅವ್ವನ್ನ ಒಬ್ಳನ್ನೇ ಕೇಳಿದ್ರು. ನಾವೇನ್ ಹೊಡೆಯೋರ ಥರ ಕಾಣ್ತೀವಾ ಅನ್ನಿಸ್ತು. ಆಮೇಲೆ ಯೋಚ್ನೆ ಮಾಡಿದ್ರೆ ಹೊಡೆಯೋರು ಹಣೆ ಮೇಲೆ ಬರ್ಕೊಂಡಿರ್ತಾರಾ, ಎಲ್ರನ್ನೂ ಕೇಳಿದ್ರೇನೇ ಒಬ್ರದ್ದಾದ್ರೂ ಆಚೆ ಬರೋದು. ಪಕ್ಕದ ಬೆಡ್ಡಿನ ಅಜ್ಜಂಗೆ ಅವ್ರು 14567 ಅಂತ ನಂಬರ್ ಬರ್ದು ಕೊಡ್ತಿದ್ರು, ಹಿರಿಯರ ಸಹಾಯವಾಣಿ, ಯಾಕೆ ಅಂತ ನಾನು ಕೇಳ್ಲಿಲ್ಲ. ನಮ್ಮನ್ನ ಅವ್ರು ಕೇಳಿದ್ದು, ಬಚ್ಚಲಿಗೆ ಮನೆಯಿಂದ ಎಷ್ಟು ಹೆಜ್ಜೆ, ಲೈಟ್ ಸ್ವಿಚ್ ಎಲ್ಲಿದೆ ಅಂತ. ತಮ್ಮ ಎಣಿಸಿ ಹೇಳ್ದ, ಇಪ್ಪತ್ತೆಂಟು ಹೆಜ್ಜೆ, ಸ್ವಿಚ್ಚು ಬಚ್ಚಲ ಒಳಗೆ. ಅಂದ್ರೆ ಇಪ್ಪತ್ತೆಂಟು ಹೆಜ್ಜೆ ಕತ್ಲಲ್ಲಿ ಹೋಗಿ ಆಮೇಲೆ ಲೈಟ್ ಹಾಕ್ಬೇಕು. ಆ ಮನೆಲಿ ನಾನೂ ಇಪ್ಪತ್ತು ವರ್ಷ ಬದುಕಿದೀನಿ, ಒಂದಿನಾನೂ ಇದು ತಲೆಗೆ ಹೋಗಿರ್ಲಿಲ್ಲ.

ಈಗ ಕಟ್ ಮಾಡಿದ ಸ್ಟಾರ್. ಈ ಟೀಮ್ ಬೆಳಗ್ಗೆ ಒಂಬತ್ತರಿಂದ ಸಾಯಂಕಾಲ ಐದೂವರೆ. ಭಾನುವಾರ ಇಲ್ಲ. ವಯಸ್ಸಾದೋರು ಬೀಳೋದು ಆಫೀಸ್ ಟೈಮಲ್ಲಾ ಸ್ವಾಮಿ? ನಾವು ಅದೃಷ್ಟಕ್ಕೆ ಹಗಲು ಹತ್ತೂವರೆಗೆ ಹೋದ್ವಿ. ಆ ಪಕ್ಕದ ಬೆಡ್ಡಿನ ಅಜ್ಜ ಹಿಂದಿನ ರಾತ್ರಿ ಹನ್ನೊಂದಕ್ಕೆ ಬಂದು ಬೆಳಗ್ಗೆವರೆಗೂ ಗಟ್ಟಿ ಟ್ರಾಲಿ ಮೇಲೇ ಮಲಗಿದ್ರಂತೆ, ಬೆನ್ನು ಕೆಂಪಾಗಿತ್ತು, ಅವ್ರ ಮಗ ತೋರ್ಸಿದ. ಹಗಲು ಟೀಮು ರಾತ್ರಿ ಮಾಮೂಲು, ಹಂಗಾದ್ರೆ ಬೋರ್ಡ್ ಮೇಲೂ ಟೈಮ್ ಬರೀಬೇಕು. ನಮ್ಗೂ ಇದ್ರ ಬಿಸಿ ತಟ್ತು. ಭಾನುವಾರ ಬೆಳಗ್ಗೆ ಡಾಕ್ಟ್ರು ಮನೆಗೆ ಹೋಗ್ಬಹುದು ಅಂದ್ರು, ಆದ್ರೆ ಫಿಸಿಯೋ ಸಹಿ ಬೇಕು, ಅವ್ನು ಸೋಮವಾರ ಬರೋದು, ಹಂಗಾಗಿ ಒಂದಿನ ಸುಮ್ನೆ ಇದ್ದು 3,200 ಬೆಡ್ ಚಾರ್ಜ್ ಕಟ್ಟಿದ್ವಿ. ಒಟ್ಟು ಬಿಲ್ 46 ಸಾವಿರ ಚಿಲ್ಲರೆ ಆಯ್ತು, ಅದ್ರಲ್ಲಿ ಈ ಟೀಮ್‌ದು ಅಂತ ಬೇರೆ ಹಾಕಿದ್ದು 1,500. ನಾಕ್ ಬಿಲ್ ಅಂತ ಹೆದ್ರಿದ್ದೆ, ಅದು ಸುಳ್ಳಾಯ್ತು, ಆದ್ರೆ 46 ಸಾವಿರ ಕಬ್ಬು ಬೆಳೆಯೋನಿಗೆ ಸಣ್ಣ ದುಡ್ಡಲ್ಲ, ಇಂಥದ್ದು ಸರ್ಕಾರಿ ಆಸ್ಪತ್ರೆಗಳಲ್ಲೂ ಬರ್ಬೇಕು, ಮಾತ್ರೆ ಸುರಿದು ನೋಡೋಕೆ ಸ್ಟೀಲ್ ಟ್ರೇ ಸಾಕಲ್ವಾ. ಇನ್ನು ಪಾರ್ಕಿಂಗ್ ಬಗ್ಗೆ ಬರೆಯೋದೇ ಬೇಡ, ಕ್ಯಾಂಟೀನ್ ಕಾಫಿ ಬಗ್ಗೆನೂ ಬೇಡ. ಡಿಸ್ಚಾರ್ಜ್ ಅಂತ ಹನ್ನೊಂದಕ್ಕೆ ಹೇಳಿ ಕಾಗದ ಕೈಗೆ ಕೊಟ್ಟಿದ್ದು ನಾಲ್ಕೂವರೆಗೆ.

ಆದ್ರೆ ಆ ಕಾಗದ ಚೆನ್ನಾಗಿದೆ. ಒಂದೇ ಹಾಳೆ, ಕನ್ನಡದಲ್ಲಿ, ದಪ್ಪಕ್ಷರ. ಈ ಮಾತ್ರೆ ತಗೋಬೇಕು, ಬೆಳಗ್ಗೆ ಸೂರ್ಯನ ಚಿತ್ರ. ಈ ಮಾತ್ರೆಗಳು ಬಂದ್, ಯಾಕೆ ಬಂದ್ ಅಂತ ಒಂದೊಂದು ಸಾಲು. ಬೇರೆ ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದ್ಲು ಈ ಹಾಳೆ ತೋರ್ಸಿ ಅಂತ ಮೇಲೇ ಬರ್ದಿದಾರೆ. ವಾರಕ್ಕೆ ಸರಿಯಾಗಿ ಸೋಡಿಯಂ ಇನ್ನೊಂದು ಸಲ ನೋಡ್ಬೇಕು ಅಂತ ತಾರೀಕು ಹಾಕಿದಾರೆ.

ಸೋಮವಾರ ಹೊರಡೋ ಮುಂಚೆ ಅವ್ವ 24 ಸೆಕೆಂಡಲ್ಲಿ ನಡ್ದು ಬಂದ್ಲು, ಇನ್ನೂ ಜಾಸ್ತಿನೇ, ಆದ್ರೆ 31 ಅಲ್ಲ. ಸಿಸ್ಟರ್ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದ್ರು, ಈ ಸಲ ಸ್ಟೆತಸ್ಕೋಪ್ ಬೇಕಾಗ್ಲಿಲ್ಲ, ಒಳ್ಳೇ ಕಿವಿ ಹತ್ರ ಬಗ್ಗಿ ಕೇಳಿದ್ರು. ಅವ್ವ ಸೆರಗು ಸರಿ ಮಾಡ್ಕೊಂಡು ಕೂತು, ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ, ಕಾರ್ತೀಕ, ಆಶ್ವಯುಜ, ಭಾದ್ರಪದ, ಶ್ರಾವಣ, ಆಷಾಢ, ಜ್ಯೇಷ್ಠ, ವೈಶಾಖ, ಚೈತ್ರ ಅಂತ ಒಂದೇ ಉಸುರಲ್ಲಿ ಹೇಳಿ, ನಿಂಗ್ ಬರ್ತದಾ ಹೇಳು ನೋಡನ ಅಂತ ಸಿಸ್ಟರ್ನೇ ಕೇಳಿದ್ಲು. ಸಿಸ್ಟರ್ ಪುಷ್ಯ ಆದ್ಮೇಲೆ ತಪ್ಪಿದ್ರು. ಇಡೀ ವಾರ್ಡ್ ನಗ್ತು.

ಮನೆಗೆ ಬಂದು ಮೂರನೇ ದಿನಕ್ಕೆ ಆಸ್ಪತ್ರೆಯಿಂದ ಫೋನ್ ಬಂತು, ಟೀಮ್ ಕಡೆಯಿಂದಾನೇ, ಎಲ್ರಿಗೂ ಮಾಡ್ತಾರಂತೆ. ಹಳೇ ಮಾತ್ರೆ ಬಿಸಾಕಿದ್ರಾ, ಎದ್ದ ತಕ್ಷಣ ನಿಲ್ಲದೆ ಮಂಚದ ಮೇಲೆ ವಸಿ ಹೊತ್ತು ಕೂರ್ತಾರಾ, ಬಚ್ಚಲ ದಾರಿಗೆ ಲೈಟ್ ಆಯ್ತಾ ಅಂತ. ತಮ್ಮ ಸ್ಪೀಕರ್ ಹಾಕ್ದ, ಅವ್ವನೇ ಮಾತಾಡಿದ್ಲು: ಲೈಟೇನೋ ಹಾಕ್ಸವ್ನೆ ಕಣವ್ವಾ, ರಾತ್ರಿ ಹೊತ್ತು ಕರೆಂಟ್ ಇರ್ಬೇಕಲ್ಲ. ಮಾರನೇ ದಿನ ದೇವರಾಜ ಅರಸು ರಸ್ತೇಲಿ 350 ಕೊಟ್ಟು ಚಾರ್ಜ್ ಆಗೋ ಟಾರ್ಚ್ ತಗೊಂಡೆ, ಕೊರಳಿಗೆ ನೇತಾಕೊಳೋಕೆ ದಾರ ಇರೋದು. ಅವ್ವ ಅದನ್ನ ಹಗಲಲ್ಲೂ ಹಾಕ್ಕೊಂಡು ಓಡಾಡ್ತಾಳಂತೆ, ಊರಲ್ಲೆಲ್ಲ ತೋರ್ಸೋಕೆ.